ತೊಳೆದಷ್ಟೂ ಒಡೆದ ಕೈ

ನನ್ನ ಕೈಯ ಕಾಯಿಲೆ ವಾಸಿಯಾಗಿಲ್ಲ. ಮೊದಲೇ ಹೇಳಿಬಿಡುತ್ತೇನೆ. ಕೊನೇತನಕ ಓದಿ, "ಅದೆಲ್ಲ ಸರಿ ಜಯಮ್ಮ, ಯಾವ ಎಣ್ಣೆ ಹಚ್ಚಿದಿರಿ?" ಎಂದು ಕೇಳುವವರಿಗೆ ಮೋಸ ಆಗಬಾರದು. ಎಣ್ಣೆ ಹಚ್ಚಿದ್ದೇನೆ. ಎಲ್ಲಾ ಎಣ್ಣೆಯನ್ನೂ ಹಚ್ಚಿದ್ದೇನೆ. ಇದನ್ನು ಬರೆಯುತ್ತಿರುವುದು ಮದ್ದು ಹೇಳುವುದಕ್ಕಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಸೆರಗಿನೊಳಗೆ ಕೈ ಬಚ್ಚಿಟ್ಟುಕೊಂಡು ಕೂತ ಹೆಂಗಸರನ್ನು ಬಹಳ ನೋಡಿದ್ದೇನೆ. ಒಬ್ಬರ ಕೈಯನ್ನು ಇನ್ನೊಬ್ಬರು ನೋಡುವುದಿಲ್ಲ, ಮಾತೂ ಆಡುವುದಿಲ್ಲ. ಅವರಲ್ಲಿ ಒಬ್ಬಳಾದರೂ ಇದನ್ನು ಓದಿ, ಇವಳಿಗೂ ಹೀಗೇ ಆಯಿತಲ್ಲ ಅಂದುಕೊಂಡರೆ ಸಾಕು.

ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಹೋಬಳಿಗೆ ಸೇರಿದ್ದು. ಮಳೆಗಾಲಕ್ಕೆ ಹೊಗೆಸೊಪ್ಪು, ಆಮೇಲೆ ರಾಗಿ, ಸಾಲಿನ ನಡುವೆ ಅವರೆ. ನಾನು ಎಸ್ಸೆಸ್ಸೆಲ್ಸಿ ಪಾಸು. ಹೆಂಗಸರ ಸಂಘದ ಪುಸ್ತಕ ಬರೆಯುವವಳೂ ನಾನೇ, ಅದಕ್ಕೇ ಈ ಧೈರ್ಯ. ಸೊಪ್ಪು ಮುರಿಯುವ ಕಾಲಕ್ಕೆ ನಮ್ಮಲ್ಲಿ ಮುಯ್ಯಾಳು ನಡೆಯುತ್ತದೆ. ಇವತ್ತು ಊರಿನ ಹೆಂಗಸರು ಸೊಪ್ಪಿಗೆ ಬೆಂಕಿಯ ಕಾವು ಕೊಟ್ಟು ಹದ ಮಾಡುವ ನಮ್ಮ ಬ್ಯಾರನ್ ಮನೆ ಮುಂದೆ ಕೂತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿಕೊಟ್ಟರೆ, ನಾಳೆ ನಾನು ಅವರ ಬ್ಯಾರನ್ ಮುಂದೆ ಕೂತು ಕಟ್ಟಿ ಮುಯ್ಯಿ ತೀರಿಸಬೇಕು. ಸೊಪ್ಪಿನ ಅಂಟು ಮೆತ್ತಿಕೊಂಡು ಸಂಜೆಯ ಹೊತ್ತಿಗೆ ಅಂಗೈ ಟಾರು ಬಳಿದ ಹಾಗೆ ಕಪ್ಪಾಗಿರುತ್ತದೆ. ಆ ಕೈಯಲ್ಲಿ ಮುದ್ದೆ ಮುರಿದರೆ ಮುದ್ದೆಯೂ ಕಹಿ. ಹಾಗಾಗಿ ಬಟ್ಟೆ ಸೋಪು, ಒಂದು ಹಿಡಿ ಮರಳು, ತೆಂಗಿನ ನಾರು, ಈ ಮೂರನ್ನೂ ಹಾಕಿ ಕೈ ತಿಕ್ಕುವುದು ನಮ್ಮ ಪದ್ಧತಿ. ಮಿಕ್ಕವರು ಒಂದು ಸಲ ತಿಕ್ಕಿದರೆ ನಾನು ಮೂರು ಸಲ. ನನಗೆ ಗಲೀಜು ಕಂಡರಾಗದು. ಪಕ್ಕದ ಮನೆ ಗೌರಕ್ಕ, "ಇವ್ಳು ಸೋಪ್ನೂ ತೊಳ್ದು ಮಡಗ್ತಾಳೆ ಕಣ್ರವ್ವ" ಎಂದು ಆಡಿಕೊಂಡು ನಗುತ್ತಿದ್ದಳು. ನನಗೂ ಅದು ಹೊಗಳಿಕೆಯಂತೆಯೇ ಕೇಳಿಸುತ್ತಿತ್ತು.

ಎರಡೂವರೆ ವರ್ಷದ ಕೆಳಗೆ ಆ ಕಾಲದಲ್ಲೇ ಬೆರಳ ಸಂದಿಯಲ್ಲಿ ನೀರುಗುಳ್ಳೆ ಎದ್ದವು. ಒಡೆದವು, ಒಣಗಿದವು, ಮತ್ತೆ ಎದ್ದವು. ಹಿಂಗಾರು ಕಳೆಯುವ ಹೊತ್ತಿಗೆ ಅಂಗೈ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತ್ತು. ಉಪ್ಪಿನ ಡಬ್ಬಿಗೆ ಕೈ ಹಾಕಿದರೆ ಕಣ್ಣಲ್ಲಿ ನೀರು. ಹಸುವಿನ ಕೆಚ್ಚಲು ಹಿಡಿದರೆ ಹಾಲಿಗೆ ರಕ್ತ ಬೀಳುತ್ತದೋ ಎಂಬ ಹೆದರಿಕೆ. ಗುಣವಾಗಲೆಂದು ಇನ್ನೂ ಹೆಚ್ಚು ತೊಳೆದೆ. ಬೇವಿನ ಸೊಪ್ಪು, ಅರಿಶಿನ, ಕಲ್ಲುಪ್ಪು ಹಾಕಿ ಕುದಿಸಿದ ನೀರಿನಲ್ಲಿ ಬೆಳಿಗ್ಗೆ ಸಂಜೆ ಕೈ ಅದ್ದಿ ಕೂರುತ್ತಿದ್ದೆ. ಬಿಸಿ ತಾಗಿದಾಗ ನವೆಗೆ ಎಷ್ಟು ಹಿತವಾಗುತ್ತಿತ್ತು ಎಂದರೆ, ಇದೇ ಮದ್ದು ಎಂದು ನಂಬಿಬಿಟ್ಟೆ. ಪಾತ್ರೆಯ ಸೋಪು ಬಿಟ್ಟು ಒಲೆಯ ಬೂದಿ ಹಿಡಿದೆ, ಬೂದಿ ಹಿರಿಯರ ಕಾಲದ್ದು, ಏನೂ ಮಾಡುವುದಿಲ್ಲ ಎಂದು. ಪೇಟೆಯ ಮೆಡಿಕಲ್ ಸ್ಟೋರಿನವನು ಕೈ ನೋಡದೆಯೇ ಒಂದು ಟ್ಯೂಬು ಕೊಟ್ಟ. ಒಂದು ವಾರದಲ್ಲಿ ಪವಾಡ. ಬಿಟ್ಟ ನಾಲ್ಕನೇ ದಿನಕ್ಕೆ ಮೊದಲಿಗಿಂತ ಜೋರು. ಮತ್ತೆ ಹಚ್ಚಿದೆ. ಹೀಗೆ ಆರೇಳು ತಿಂಗಳು ಆ ಟ್ಯೂಬಿಗೆ ಜೀತ ಮಾಡಿದೆ. ಚರ್ಮ ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗಾಯಿತು.

ಊರಿನವರ ಲೆಕ್ಕದಲ್ಲಿ ಇದು ನಂಜು. ನಂಜು ಅಂದರೆ ಪಥ್ಯ. ಬದನೆಕಾಯಿ ಬಿಡು ಅಂದರು, ಬಿಟ್ಟೆ. ಅವರೆಕಾಯಿ, ಕುಂಬಳಕಾಯಿ, ಮೊಟ್ಟೆ, ಮೀನು, ಕೋಳಿ, ಕಡಲೆಕಾಯಿ, ಮೊಸರು. ಒಬ್ಬೊಬ್ಬರು ಬಂದು ನೋಡಿ ಹೋದಾಗಲೂ ನನ್ನ ತಟ್ಟೆಯಿಂದ ಒಂದೊಂದು ಪದಾರ್ಥ ಎದ್ದು ಹೋಗುತ್ತಿತ್ತು. ಕೊನೆಗೆ ಉಳಿದದ್ದು ಅನ್ನ, ಮೆಣಸಿನ ಸಾರು. ಅವರೆಕಾಯಿ ಸುಗ್ಗಿಯಲ್ಲಿ ಮನೆಯವರೆಲ್ಲ ಹಿತಕಿದ ಬೇಳೆ ಸಾರು ಸುರಿದುಕೊಂಡು ಉಣ್ಣುವಾಗ ನಾನು ಮೆಣಸಿನ ಸಾರು ಕಲಸಿಕೊಂಡು ಗೋಡೆ ನೋಡುತ್ತಿದ್ದೆ. ನಾಗದೋಷ ಎಂದರು ಕೆಲವರು, ಹುತ್ತಕ್ಕೆ ಹಾಲೆರೆದೆವು. ನನಗೆ ಆ ಹಾಲನ್ನು ಕುಡಿಯುವ ಆಸೆಯಾಗಿತ್ತು, ದೇವರಾಣೆ.

ನಮ್ಮ ಯಜಮಾನರು ಮಾತು ಕಮ್ಮಿಯ ಮನುಷ್ಯ. ನಾನು ಮುದ್ದೆ ತೊಳಸಲಾರದೆ ಕೋಲು ಕೆಳಗಿಟ್ಟ ದಿನ, ಅವರೇ ಬಂದು ಕೋಲು ಹಿಡಿದರು. ಮೀಸೆ ಹೊತ್ತ ಗಂಡಸು ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತು ಬೆವರುವುದನ್ನು ನೋಡಲಾರದೆ, "ಬುಡಿ, ಯಾರಾರ ನೋಡಿದ್ರೆ ನಗ್ತಾರೆ" ಎಂದೆ. "ನಗ್ಲಿ ಬುಡು. ಗಂಟಾದ್ರೆ ಮಾತ್ರ ನೀನು ನಗ್ಬ್ಯಾಡ" ಎಂದರು. ಗಂಟಾಗಿತ್ತು, ಮುದ್ದೆಯ ತುಂಬ ಬರೀ ಗಂಟೇ. ನಾನು ನಗದೆ ತಿಂದೆ.

ಇಷ್ಟಾದರೂ ನನಗೆ ಕೈಯ ಚಿಂತೆ ದೊಡ್ಡದಾಗಿರಲಿಲ್ಲ. ದೊಡ್ಡದಾದದ್ದು ನನ್ನ ಒಬ್ಬಳೇ ಮಗಳು ಸೌಮ್ಯ ಬಸುರಿಯಾದಾಗ. ಅವಳನ್ನು ಕೊಟ್ಟಿರುವುದು ಕೆ.ಆರ್. ನಗರದ ಕಡೆ, ಹೊಸ ಅಗ್ರಹಾರದ ಹತ್ತಿರ, ನೀರಾವರಿ ಸೀಮೆಗೆ. ಚೊಚ್ಚಲ ಬಾಣಂತನ ತವರಿನದು. ಬಾಣಂತಿಗೆ ಎಣ್ಣೆ ತಿಕ್ಕಿ ನೀರು ಹಾಕುವುದು, ಕಾಲು ಚಾಚಿ ಕೂತು ಅದರ ಮೇಲೆ ಮಗುವನ್ನು ಮಲಗಿಸಿಕೊಂಡು ಮೀಯಿಸುವುದು, ಇದೆಲ್ಲ ತಾಯಿಯ ಕೈಯಿಂದ ಆಗಬೇಕು. ನನಗೆ ಬೇಕಾಗಿದ್ದದ್ದು ಅದೊಂದೇ. ಮೊಮ್ಮಗುವನ್ನು ಬರೀ ಕೈಯಲ್ಲಿ ಮುಟ್ಟಿ ಮೀಯಿಸಬೇಕು. ಸೀಮಂತಕ್ಕೆ ಇನ್ನೂ ಮೂರು ತಿಂಗಳಿತ್ತು, ಅಷ್ಟರೊಳಗೆ ಕೈ ಸರಿಹೋಗಲೇಬೇಕೆಂದು ಪಥ್ಯವನ್ನು ಇನ್ನೂ ಬಿಗಿ ಮಾಡಿದೆ. ಕೂಸನ್ನು ಮುಟ್ಟುವ ಕೈ ಶುದ್ಧವಾಗಿರಲಿ ಎಂದು ಡೆಟ್ಟಾಲು ಹಾಕಿದ ಬಿಸಿನೀರಿನಲ್ಲಿ ದಿನಕ್ಕೆ ಎಂಟು ಹತ್ತು ಸಲ ತೊಳೆದೆ.

ಶ್ರಾವಣದಲ್ಲಿ ಸೀಮಂತಕ್ಕೆ ಹೋದೆವು. ಮಗಳಿಗೆ ಬಳೆ ತೊಡಿಸಿ ಮಡಿಲು ತುಂಬುವಾಗ ಎಲ್ಲರ ಕಣ್ಣೂ ನನ್ನ ಕೈ ಮೇಲೆ. ಬೆರಳ ಗೆಣ್ಣಿನಿಂದ ರಕ್ತ ಜಿನುಗಿ ಮಡಿಲಕ್ಕಿಯ ಎರಡು ಕಾಳಿಗೆ ತಾಗಿತು. ಊಟವಾದ ಮೇಲೆ ಬೀಗಿತಿ ಸಾಕಮ್ಮ ನನ್ನನ್ನು ಹಿತ್ತಿಲಿಗೆ ಕರೆದರು. ಕೆಟ್ಟ ಹೆಂಗಸಲ್ಲ ಅವರು, ನನ್ನ ಮಗಳನ್ನು ಚೆನ್ನಾಗಿಯೇ ನೋಡಿಕೊಂಡಿದ್ದರು.

"ಬೀಗ್ರೆ, ಬ್ಯಾಸ್ರ ಮಾಡ್ಕಬ್ಯಾಡಿ. ಬಾಣಂತನ ಇಲ್ಲೇ ಆಗ್ಲಿ," ಎಂದರು.

"ಇದು ಅಂಟೋದಲ್ಲ ಕಣ್ರೀ," ಎಂದೆ. ಆಗಿನ್ನೂ ನನಗದು ಗೊತ್ತೂ ಇರಲಿಲ್ಲ. ಸುಮ್ಮನೆ ಬಾಯಿಗೆ ಬಂದದ್ದು.

"ಅಂಟ್ತದೋ ಬುಡ್ತದೋ ನಂಗೇನ್ ಗೊತ್ತು? ಅಸಿ ಕೂಸು. ನಿಮ್ ಜಾಗ್ದಲ್ಲಿ ನಾನಿದ್ರೆ ನೀವ್ ಏನ್ ಮಾಡ್ತಿದ್ರಿ ಯೋಳಿ."

ನಾನೂ ಅದನ್ನೇ ಮಾಡುತ್ತಿದ್ದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಯಜಮಾನರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಮಗಳನ್ನು ಕರೆದುಕೊಂಡು ಬರಬೇಕಾದ ಹೊತ್ತಿನಲ್ಲಿ ನಾವಿಬ್ಬರೇ ಬರುತ್ತಿದ್ದೆವು. ಊರಿನಲ್ಲಿ ಇಳಿಯುವುದಕ್ಕೇ ನನಗೆ ನಾಚಿಕೆಯಾಯಿತು.

ಮಾರನೆಯ ವಾರ ಹುಣಸೂರಿಗೆ ಹೋದೆ, ಅಲ್ಲಿಗೆ ವಾರಕ್ಕೊಮ್ಮೆ ಚರ್ಮದ ಡಾಕ್ಟರು ಬರುತ್ತಾರೆ. ಬೆಂಚಿನ ಮೇಲೆ ನನ್ನ ಪಕ್ಕ ಎಚ್.ಡಿ. ಕೋಟೆ ಕಡೆಯ ಹೆಂಗಸೊಬ್ಬಳು ಕೂತಿದ್ದಳು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವಳು. ಚೀಟಿ ಕೊಡುವಾಗ ನನ್ನ ಕೈ ಅವಳ ಕಣ್ಣಿಗೆ ಬಿತ್ತು. ಎದ್ದು ದೂರ ಹೋಗುತ್ತಾಳೆ ಅಂದುಕೊಂಡೆ. ಅವಳು ತನ್ನ ಕೈಯನ್ನೂ ಸೆರಗಿನಿಂದ ಹೊರಗೆ ತೆಗೆದು ನನ್ನ ಕೈ ಪಕ್ಕ ಇಟ್ಟು, "ನಿಂದೇ ವಾಸಿ ಕಣಕ್ಕ, ಬೆಟ್ಟು ಮಡಿಸ್ಬೋದು" ಎಂದಳು. ಇಬ್ಬರಿಗೂ ನಗು ಬಂತು. ಆ ಎರಡು ವರ್ಷದಲ್ಲಿ ಅಷ್ಟು ಹಗುರವಾಗಿ ನಾನು ಕೂತಿದ್ದು ಆ ಬೆಂಚಿನ ಮೇಲೆ ಮಾತ್ರ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಕೈ ಹಿಡಿದು ತಿರುವಿ ತಿರುವಿ ನೋಡಿದರು. ಬರೀ ಕೈಯಲ್ಲಿ ಹಿಡಿದರು. ಅದಕ್ಕೇ ನನಗೆ ಅಳು ಬಂದುಬಿಟ್ಟಿತು.

"ಏನೇನು ಹಾಕಿ ತೊಳೀತೀರ?" ಎಂದು ಕೇಳಿದರು. ಮರಳಿನಿಂದ ಡೆಟ್ಟಾಲಿನ ತನಕ ಹೆಮ್ಮೆಯಿಂದಲೇ ಒಪ್ಪಿಸಿದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಅಮ್ಮ, ಸೊಪ್ಪಿನ ಅಂಟಿನಿಂದ ಶುರುವಾಗಿದೆ, ನಿಜ. ಆದರೆ ಅದನ್ನು ಬೆಳೆಸಿದ್ದು ನೀವು. ಚರ್ಮದ ಮೇಲೆ ಒಂದು ಜಿಡ್ಡು ಇರುತ್ತೆ, ಅದೇ ಅದಕ್ಕೆ ಬೇಲಿ. ನೀವು ದಿನಾ ಆ ಬೇಲಿ ಕಿತ್ತು ಹಾಕ್ತಿದ್ದೀರ."

"ಬೇವು ಅರಿಶಿನ ಎಲ್ಲಾ ಒಳ್ಳೇದಲ್ವೇ ಮೇಡಂ? ಬೂದಿ?"

"ಬೂದಿ ಸೋಪಿಗಿಂತ ಖಾರ. ಗಾಯಕ್ಕೆ ಉಪ್ಪು ಹಾಕಿ ಬಿಸಿನೀರಲ್ಲಿ ಕುದಿಸಿದ್ದೀರಲ್ಲಮ್ಮ." ಆಮೇಲೆ ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿ, "ಊಟ ಏನ್ಮಾಡ್ತೀರ?" ಎಂದರು. ಪಥ್ಯದ ಪಟ್ಟಿ ಹೇಳಿದೆ. "ಮೊಟ್ಟೆ ಇಲ್ಲ, ಕಾಳಿಲ್ಲ, ಮೊಸರಿಲ್ಲ. ಹೊಸ ಚರ್ಮ ಯಾವುದರಿಂದ ಬೆಳೀಬೇಕು ಹೇಳಿ? ನಿಮಗೆ ರಕ್ತವೇ ಇಲ್ಲ." ಮೊದಲಿನಂತೆ ಸೊಪ್ಪಿನ ಸಾರು, ಕಾಳು, ರಾಗಿ, ಮೊಟ್ಟೆ ಎಲ್ಲ ಉಣ್ಣಬೇಕು, ಯಾವುದನ್ನಾದರೂ ತಿಂದಾಗ ನಿಜಕ್ಕೂ ಹೆಚ್ಚಾದರೆ ಅದೊಂದನ್ನು ಹೇಳಿ ಎಂದರು. ವಾಸನೆ ಇಲ್ಲದ ಮೆತ್ತನೆಯ ಸೋಪು, ಉಗುರುಬೆಚ್ಚಗಿನ ನೀರು, ಕೈ ಒದ್ದೆಯಿರುವಾಗಲೇ ಮುಲಾಮು, ಪಾತ್ರೆಗೆ ಒಳಗೆ ಹತ್ತಿಯ ಗ್ಲೌಸು ಮೇಲೆ ರಬ್ಬರಿನದು. ಹಸಿ ಹೊಗೆಸೊಪ್ಪು ಮುಟ್ಟಲೇಬಾರದು.

"ಎರಡು ತಿಂಗಳಲ್ಲಿ ವಾಸಿಯಾಗ್ತದಾ ಮೇಡಂ? ಮಗಳ ಬಾಣಂತನ ಇದೆ."

ಅವರು ಸುಳ್ಳು ಹೇಳಲಿಲ್ಲ. "ಇದು ಅಂಟುರೋಗ ಅಲ್ಲ, ಧೈರ್ಯವಾಗಿ ಎತ್ತಿಕೊಳ್ಳಿ. ಆದರೆ ಪೂರ್ತಿ ಹೋಗುತ್ತೆ ಅಂತ ನಾನು ಹೇಳಲ್ಲ. ಹಿಡಿತದಲ್ಲಿ ಇಟ್ಟುಕೋಬಹುದು," ಎಂದರು. ಅಂಟುರೋಗವಲ್ಲ ಎಂದು ಒಂದು ಚೀಟಿ ಬರೆದುಕೊಡಿ ಎಂದು ಕೇಳಿದೆ. ಬರೆದುಕೊಟ್ಟರು. ಆ ಚೀಟಿಯನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡು ಬಂದೆ.

ಹೇಳಿದ್ದನ್ನೆಲ್ಲ ಮಾಡಿದೆ. ಅವತ್ತೇ ಎರಡು ಮೊಟ್ಟೆ ಬೇಯಿಸಿ ಹೆದರುತ್ತ ತಿಂದೆ, ಬೆಳಿಗ್ಗೆ ಎದ್ದು ಕೈ ನೋಡಿಕೊಂಡೆ, ಏನೂ ಆಗಿರಲಿಲ್ಲ. ಬಸ್ಸಾರು, ಮೊಳಕೆ ಹುರುಳಿ, ಮೊಸರು ಎಲ್ಲ ತಟ್ಟೆಗೆ ಮರಳಿದವು. ಮೈಗೆ ಕಸುವು ಬಂತು. ಕೈ ಇಪ್ಪತ್ತು ದಿನ ಮೆತ್ತಗಾಗುತ್ತಿತ್ತು, ಆಮೇಲೆ ಯಾವ ಕಾರಣವೂ ಇಲ್ಲದೆ ಒಂದು ಮಧ್ಯಾಹ್ನ ನವೆ ಎದ್ದು ಮತ್ತೆ ಒಡೆಯುತ್ತಿತ್ತು. ಸರಿಯಾದ ದಾರಿಯಲ್ಲಿ ನಡೆದರೂ ಊರು ಸಿಗದಿದ್ದರೆ ಯಾರನ್ನು ಬಯ್ಯುವುದು? ತಪ್ಪು ಮಾಡುತ್ತಿದ್ದಾಗ ವಾಸಿಯಾಗುವ ಆಸೆಯಾದರೂ ಇತ್ತು.

ಸೊಪ್ಪಿನ ಕಾಲ ನಡೆಯುತ್ತಿತ್ತು. ಮುಯ್ಯಿಗೆ ಹೋಗಲಾಗಲಿಲ್ಲ. ಬದಲಿಗೆ ಯಜಮಾನರು ಹೆಂಗಸರ ನಡುವೆ ಕೂತು ಕಡ್ಡಿ ಕಟ್ಟಿದರು. ಗೌರಕ್ಕ ನಮ್ಮ ಪಾಳಿಯ ದಿನ ಬಂದಳು, ನಾನು ಅವಳಿಗೆ ಮುಯ್ಯಿ ತೀರಿಸದಿದ್ದರೂ ಬಂದಳು. "ಬ್ಯಾಡ ಗೌರಕ್ಕ, ನಾನು ತೀರ್ಸಕಾಗಲ್ಲ" ಎಂದರೆ, "ಬಾಯ್ ಮುಚ್ಕೊಂಡು ಕಾಪಿ ಕಾಯ್ಸು ಓಗು" ಎಂದಳು. ಕಾಫಿಯನ್ನೂ ಕುಡಿದಳು. ಬೇರೆ ಮೂವರು ಲೋಟ ಹಾಗೇ ಇಟ್ಟು ಎದ್ದು ಹೋದರು. ಆ ಮೂರು ಲೋಟ ತೊಳೆಯುವಾಗ ಗ್ಲೌಸು ಹಾಕಿಕೊಳ್ಳುವ ಮನಸ್ಸೂ ಬರಲಿಲ್ಲ.

ದೀಪಾವಳಿಗೆ ಮುಂಚೆ ಸೌಮ್ಯಳಿಗೆ ಹೆಣ್ಣುಮಗುವಾಯಿತು. ಕೊಬ್ಬರಿ, ತುಪ್ಪ, ಬೆಳ್ಳುಳ್ಳಿ ಎಲ್ಲ ಕಟ್ಟಿಕೊಂಡು ಹೋದೆ, ಬಾಣಂತನ ಮಾಡಲಾರದ ತಾಯಿ ಕೊಡಬಹುದಾದದ್ದು ಅಷ್ಟೇ. ಡಾಕ್ಟರ ಚೀಟಿಯನ್ನು ಬೀಗಿತಿಗೆ ತೋರಿಸಿದೆ. "ಇಂಗ್ಲೀಷ್ನಾಗೆ ಬರ್ದವ್ರೆ, ನಂಗೇನ್ ತಿಳೀತದೆ," ಎಂದು ದೇವರ ಪಟದ ಹಿಂದೆ ಸಿಕ್ಕಿಸಿದರು. ತೊಟ್ಟಿಲು ಶಾಸ್ತ್ರದ ದಿನವೂ ಮಗು ಎಲ್ಲರ ಕೈಯಿಂದ ಕೈಗೆ ಹೋಗುತ್ತ ನನ್ನ ಹತ್ತಿರ ಬರುವಷ್ಟರಲ್ಲಿ, "ಅಸ್ಕೊಂಡೈತೆ, ಆಮ್ಯಾಲ್ ಎತ್ಕಳೀವ್ರಂತೆ" ಎಂದು ಬೀಗಿತಿ ಒಳಗೆ ತೆಗೆದುಕೊಂಡು ಹೋದರು. ಸೌಮ್ಯ ತಲೆ ತಗ್ಗಿಸಿದಳು. ಅವಳ ಮೇಲೂ ನನಗೆ ಸಿಟ್ಟು ಬಂತು. ನನ್ನ ಮಗಳು ಒಂದು ಮಾತು ಆಡಬಹುದಿತ್ತು. ಅವತ್ತು ಬಚ್ಚಲಿನಲ್ಲಿ ನಿಂತು ನನ್ನ ಎರಡೂ ಕೈಗೆ ಶಾಪ ಹಾಕಿದೆ.

ಮೂರು ತಿಂಗಳು ಮೊಮ್ಮಗಳನ್ನು ಫೋನಿನಲ್ಲೇ ನೋಡಿದೆ. ಮಾಗಿಯ ಚಳಿ ಬಿದ್ದಾಗ ವಿಡಿಯೋದಲ್ಲಿ ಮಗುವಿನ ಕೆನ್ನೆ ಕೆಂಪಗೆ ಕಂಡಿತು. ಚಳಿಗೆ ಇರಬೇಕು ಅಂದುಕೊಂಡೆವು. ಆಮೇಲೆ ಮಗಳು ಫೋನನ್ನು ಮಗುವಿನ ಕಡೆ ತಿರುಗಿಸುವುದನ್ನೇ ನಿಲ್ಲಿಸಿದಳು. ಒಂದು ಬೆಳಿಗ್ಗೆ ಬೀಗಿತಿಯೇ ಫೋನು ಮಾಡಿದರು.

"ಕೂಸಿನ್ ಕೆನ್ನೆ, ಕೈ ಮಡಚೋ ಜಾಗ ಎಲ್ಲಾ ಕಿತ್ಕೊಂಡೈತೆ ಕಣ್ರೀ. ನೀರಿಳೀತದೆ. ಕಡ್ಲೆಇಟ್ಟು ಆಕಿ ತಿಕ್ದೆ, ಅರಿಶಿಣ ಆಕ್ದೆ, ಸುಡ್ ಸುಡೋ ನೀರ್ ಉಯ್ದೆ. ಜಾಸ್ತಿನೇ ಆಯ್ತು. ಇಲ್ಲಿ ಡಾಕ್ಟ್ರು, ಮನೇಲಿ ಯಾರ್ಗಾನ ಇಂಗೆ ಐತಾ, ರಕ್ತದಾಗೆ ಬತ್ತದೆ ಅಂದ್ರು." ಆಮೇಲೆ ದನಿ ತಗ್ಗಿಸಿದರು. "ನಿಮ್ ಕೈಲಿ ಮುಟ್ಟಿಸ್ದಂಗೆ ಕಾದೆ. ಅದು ನಿಮ್ ತಾವಿಂದ ಮೊದ್ಲೇ ಬಂದ್ಬುಟ್ಟಿತ್ತು. ಕಳಿಸ್ತೀನಿ, ನೀವೇ ಮೀಯ್ಸಿ."

ನೀವೇ ಮೀಯಿಸಿ. ಆ ಮಾತು ಕೇಳಿದ ಕೂಡಲೇ ಒಂದು ಕ್ಷಣ ನನಗೆ ಸಂತೋಷವಾಯಿತು. ಮುಚ್ಚಿಡುವುದಿಲ್ಲ, ಸಂತೋಷವೇ ಆಯಿತು. ಆಮೇಲೆ ಯಾವುದಕ್ಕೆ ಸಂತೋಷಪಟ್ಟೆ ಎಂದು ತಿಳಿದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಸೌಮ್ಯ ಬಂದಾಗ ಅರ್ಧ ಆಗಿಹೋಗಿದ್ದಳು. ಹಾಲು ಕುಡಿಸುವ ತಾಯಿಗೆ ಅಲ್ಲಿ ನನ್ನದೇ ಪಥ್ಯ, ಅನ್ನ, ಮೆಣಸಿನ ಸಾರು. ಮೊಟ್ಟೆ, ಸೊಪ್ಪಿನ ಪಲ್ಯ ಮಾಡಿ ತಟ್ಟೆಗೆ ಹಾಕಿದೆ. ಬೆರಳಿನಿಂದ ಪಕ್ಕಕ್ಕೆ ತಳ್ಳಿದಳು.

"ಉಣ್ಣವ್ವ. ಉಣ್ಣದೆ ನಾನು ಕೆಟ್ಟಿದ್ದು ಸಾಲದಾ?"

"ಅಂಗಲ್ಲ ಕಣವ್ವ. ನಾನು ತಿಂದು ಮಗೀಗೆ ಜಾಸ್ತಿ ಆದ್ರೆ?"

"ಡಾಕ್ಟ್ರು ಬ್ಯಾಡ ಅಂದವ್ರಾ?"

"ಇಲ್ಲ. ಆದ್ರೂ." ಅವಳು ನನ್ನ ಕೈ ನೋಡಿದಳು. "ನೀನು ಎಲ್ಲಾ ಸರಿಯಾಗೇ ಮಾಡ್ದೆ. ಓಯ್ತಾ?"

ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಅರ್ಧ ಮೊಟ್ಟೆ ತಿಂದಳು, ಅದೂ ನನ್ನ ಕಣ್ಣೀರು ನೋಡಿ.

ಮಾರನೇ ದಿನ ಬಿಸಿಲು ಬಂದ ಮೇಲೆ ಬಚ್ಚಲಿನಲ್ಲಿ ಕಾಲು ಚಾಚಿ ಕೂತೆ. ಉಗುರುಬೆಚ್ಚಗಿನ ನೀರು, ಸೋಪಿಲ್ಲ, ಕಡಲೆಹಿಟ್ಟಿಲ್ಲ. ಮಗಳು ಕೂಸನ್ನು ನನ್ನ ಕಾಲಿನ ಮೇಲೆ ಮಲಗಿಸಿದಳು. ಎಷ್ಟು ಹಗುರ ಅದು. ನೀರು ಹುಯ್ದು, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸಿ, ಒದ್ದೆ ಆರುವ ಮುಂಚೆ ಅವರ ಡಾಕ್ಟರು ಕೊಟ್ಟ ಮುಲಾಮು ಹಚ್ಚಲು ಕೆನ್ನೆ ಮುಟ್ಟಿದೆ. ಬರೀ ಕೈಯಲ್ಲಿ. ಅಳುತ್ತಿದ್ದ ಕೂಸು ಅಳು ನಿಲ್ಲಿಸಿತು. ನನ್ನ ಅಂಗೈಗೆ ಕೆನ್ನೆ ಒತ್ತಿ ತಲೆಯನ್ನು ಅತ್ತ ಇತ್ತ ಆಡಿಸತೊಡಗಿತು. ಅಜ್ಜಿಯ ಕೈ ಗುರುತು ಹಿಡಿಯಿತು ಎಂದು ನನ್ನ ಎದೆ ತುಂಬಿ ಬಂತು. "ನೋಡವ್ವ, ಎಂಗ್ ಒತ್ಕತದೆ," ಎಂದು ಸೌಮ್ಯಳೂ ನಕ್ಕಳು, ಬಂದಾಗಿನಿಂದ ಮೊದಲ ಸಲ. ಆಮೇಲೆ ನನಗೆ ಗೊತ್ತಾಯಿತು. ಮಗುವಿಗೆ ನವೆ. ನನ್ನ ಒಡೆದ ಅಂಗೈಯ ಒರಟಿಗೆ ಕೆನ್ನೆ ಉಜ್ಜಿ ಅದು ಕೆರೆದುಕೊಳ್ಳುತ್ತಿತ್ತು. ಹಿತವಾಗಿ ಕಣ್ಣು ಅರೆಮುಚ್ಚಿತ್ತು. ಕೆನ್ನೆಯಲ್ಲಿ ಆಗಲೇ ರಕ್ತದ ಸಣ್ಣ ಗೆರೆ ಮೂಡಿತ್ತು.

ನಾನು ಕೈ ತೆಗೆದೆ. ಅದು ಬಾಯಿ ತೆರೆದು ಅಳುತ್ತ ಮುಖ ತಿರುಗಿಸಿ ತಿರುಗಿಸಿ ನನ್ನ ಕೈಯನ್ನು ಹುಡುಕಿತು.